ಪಟಾಕಿಯ ಮೇಲಿನ ದೂರುಗಳು

ಈ ಸಲ ಮಣಿಕಟ್ಟು.

"ಮತ್ತೆ ಇವನೇನಾ?" ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ದಡಕ್ಕನೆ ಎತ್ತಿಟ್ಟಳು.

"ಬೆಕ್ಕು ಕಾಣಿಸ್ತು. ಬೆಲ್ಟ್ ಸಮೇತ ಜಗ್ಗಿಬಿಟ್ಟ," ಎಂದಳು ತಂಗಿ, ಬ್ಯಾಂಡೇಜು ಸುತ್ತಿದ ಕೈಯನ್ನು ಚೀಲದ ಹಿಂದೆ ಸರಿಸುತ್ತ.

ಆರೋಪಿ ಅಕ್ಕನ ಡ್ರೈಕ್ಲೀನಿಂಗ್ ಅಂಗಡಿಯ ಕೌಂಟರಿನ ಕೆಳಗೆ ಯಾರದೋ ಕೋಟಿನ ಪ್ಲಾಸ್ಟಿಕ್ ಕವರನ್ನು ಚಿಂದಿ ಮಾಡುತ್ತಿದ್ದ. ಮೊಣಕಾಲೆತ್ತರವೂ ಇಲ್ಲದ ಬಿಳಿ ಟೆರಿಯರ್. ಒಂದು ಕಿವಿ ಮಾತ್ರ ಕಂದು. ಹೆಸರು ಪಟಾಕಿ. ನರಿಯನ್ನು ಬಿಲದಿಂದ ಹೊರಡಿಸಲೆಂದೇ ಬೆಳೆಸಿದ ತಳಿಯಂತೆ. ತಂಗಿಯ ಮೂರನೇ ಮಹಡಿಯ ಮನೆಗೆ ನರಿಯನ್ನು ಎಲ್ಲಿಂದ ತರುವುದು? ಆ ಸಿಟ್ಟಿಗೆ ಅವನು ಸೋಫಾ ಬಗೆದ, ಹೂಕುಂಡ ಅಗೆದ, ಬಟ್ಟೆ ಒಗೆಯುವ ಯಂತ್ರದೊಂದಿಗೆ ಜಗಳಕ್ಕೆ ನಿಂತ.

ಅಷ್ಟಾದರೆ ಹೋಗಲಿ ಅನ್ನಬಹುದಿತ್ತು. ತಂಗಿಯ ಫೋನು ಒಡೆದದ್ದು ಅವನಿಂದ. ಹಾಸಿಗೆ ಮೇಲಿಂದ ಎಗರಿ ಅವಳ ಕೆನ್ನೆಗೆ ತಲೆ ಬಡಿದು ಕಣ್ಣು ಊದಿಸಿದ್ದೂ ಅವನೇ. ಅಕ್ಕ ತಾನೇ ದುಡ್ಡು ಕೊಟ್ಟು ತರಬೇತಿಗೆ ಹಾಕಿದಳು. "ಬೆಳಿಗ್ಗೆ ಸಂಜೆ ಓಡಿಸಿ, ಚೆಂಡು ಎಸೆದು ಸುಸ್ತು ಮಾಡಿ. ಬುದ್ಧಿವಂತ ನಾಯಿ, ಹೇಳಿದ್ದು ಕೇಳ್ತಾನೆ," ಎಂದು ತರಬೇತುದಾರ ಬೆನ್ನು ತಟ್ಟಿ ಕಳಿಸಿದ. ಕೂರು ಅಂದರೆ ಕೂರುತ್ತಿದ್ದ, ನಿಲ್ಲು ಅಂದರೆ ನಿಲ್ಲುತ್ತಿದ್ದ. ಆದರೂ ತಂಗಿ ಬೀಳುವುದು ನಿಲ್ಲಲಿಲ್ಲ.

ಅಕ್ಕನಿಗೆ ತಲೆ ಚಿಟ್ಟು ಹಿಡಿಯಿತು. ನಾಯಿಯ ಮೇಲಿನ ಕೋಪ ಒಂದು ಪಾಲಾದರೆ ತಂಗಿಯ ಮೇಲಿನದು ಎರಡು ಪಾಲು. ಇಷ್ಟುದ್ದದ ಪ್ರಾಣಿಯನ್ನು ಹದ್ದುಬಸ್ತಿನಲ್ಲಿಡಲು ಬರುವುದಿಲ್ಲವೆಂದರೇನು?

ತಂಗಿಯ ಗಂಡನನ್ನು ನೋಡಿದರೆ ಪಾಪ ಅನ್ನಿಸುತ್ತಿತ್ತು. ಔಷಧಿ ಕಂಪನಿಯ ಕೆಲಸದ ಮೇಲೆ ಊರೂರು ಸುತ್ತುವ ಮನುಷ್ಯ. ದನಿ ಏರಿಸಿ ಗೊತ್ತಿಲ್ಲ. ಹೊಸ ಪ್ಯಾಂಟಿನ ಅಂಚನ್ನು ಪಟಾಕಿ ಸೀಳಿದಾಗ ಅದನ್ನು ಅಂಗಡಿಗೆ ತಂದುಕೊಟ್ಟು ನಕ್ಕಿದ್ದ. "ನಾನು ಮನೆಗೆ ಬಂದ್ರೆ ಸಾಕು, ಗುರ್ ಅನ್ನುತ್ತೆ. ಅದಕ್ಕೇ ಹಿಂದಿನ ಕೋಣೆಗೆ ಹಾಕಿಸ್ತೀನಿ. ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ ಅಕ್ಕಾ. ನಾಯಿಗಲ್ಲ, ನಿಮ್ಮ ತಂಗಿಗೆ."

ಇವತ್ತು ಹೇಳಿಯೇಬಿಡುವುದೆಂದು ಅಕ್ಕ ಕೌಂಟರಿನಿಂದ ಈಚೆ ಬಂದಳು.

"ಕೈ ವಾಸಿಯಾಗೋವರೆಗೂ ಇವನು ನನ್ನ ಹತ್ರ ಇರ್ಲಿ."

"ಬೇಡಕ್ಕಾ."

"ಏನು ಬೇಡ? ಇವನು ನಿನ್ನ ಕೈಕಾಲು ಮುರಿದು ಮೂಲೆಗೆ ಕೂರಿಸ್ತಾನೆ, ಅಷ್ಟೇ."

"ಇವನಿಲ್ಲದೆ ಆ ಮನೇಲಿರೋಕೆ ನನ್ನಿಂದ ಆಗಲ್ಲ."

"ನಾಯಿ ಇಲ್ಲದಿದ್ರೆ ಜೀವ ಹೋಗುತ್ತಾ?"

ತಂಗಿ ಪಟಾಕಿಯ ಬೆಲ್ಟನ್ನು ಬಿಗಿಹಿಡಿದಳು. ಅಕ್ಕ ಅವಳ ಸರಿಯಿದ್ದ ಕೈಯಿಂದ ಬೆಲ್ಟು ಕಿತ್ತುಕೊಂಡಳು.

"ಇವತ್ತು ಅವರು ಊರಿಂದ ಬರ್ತಾರೆ," ಎಂದಳು ತಂಗಿ, ಮೆಲ್ಲಗೆ.

"ಬರಲಿ. ಅವರಿಗೂ ಒಂದಷ್ಟು ನೆಮ್ಮದಿ."

ತಂಗಿ ಕೂತು ಪಟಾಕಿಯ ಕುತ್ತಿಗೆಯಲ್ಲಿ ಮುಖ ಹುದುಗಿಸಿದಳು. ಗಿರಾಕಿಯೊಬ್ಬ ಬಂದು ಶರ್ಟು ತೆಗೆದುಕೊಂಡು ಹೋದ. ಅವಳು ಇನ್ನೂ ಎದ್ದಿರಲಿಲ್ಲ. ಅಕ್ಕನಿಗೆ ನಾಚಿಕೆಯಾಯಿತು. ಹೆತ್ತ ಮಗುವನ್ನು ಹಾಸ್ಟೆಲಿಗೆ ಕಳಿಸುವವರೂ ಇಷ್ಟು ಆಡುವುದಿಲ್ಲ!

ಆ ಸಂಜೆ ಪಟಾಕಿ ಅಕ್ಕನ ಮನೆಯನ್ನು ರಣರಂಗ ಮಾಡಿದ. ದಿಂಬಿನ ಹತ್ತಿ ಹಜಾರದ ತುಂಬ ಹಾರಾಡಿತು. ಒಂಟಿ ಚಪ್ಪಲಿ ಮಂಚದಡಿ ಸೇರಿತು. ಪಾರ್ಕಿನ ಸುತ್ತ ಓಡಿಸಿ ತಂದರೆ ಅಕ್ಕ ಏದುಸಿರು ಬಿಡುತ್ತ ಕುರ್ಚಿಗೆ ಬಿದ್ದಳು. ಅವನು ಚೆಂಡು ಕಚ್ಚಿಕೊಂಡು ಮುಂದೆ ನಿಂತ. "ನಿನ್ನ ಮನೆ ಹಾಳಾಗ, ನಿನಗೆ ಸುಸ್ತು ಅನ್ನೋದೇ ಇಲ್ವಾ?" ಅಂದಳು. ಇದೆ ಎಂಬಂತೆ ಎರಡು ಕ್ಷಣ ಕೂತು ಮತ್ತೆ ಎಗರಿದ.

ಒಂದು ವಿಷಯ ಮಾತ್ರ ಅಕ್ಕನನ್ನು ಇನ್ನಷ್ಟು ರೇಗಿಸಿತು. ಗಲ್ಲದವರೆಗೆ ಬಟ್ಟೆ ಪೇರಿಸಿಕೊಂಡು ಅವಳು ಮಹಡಿ ಹತ್ತುವಾಗ ಕಾಲ ಬಳಿ ಸುಳಿಯಲಿಲ್ಲ. ಮುಂದೆ ಓಡಿ, ತಿರುವಿನಲ್ಲಿ ನಿಂತು, ಅವಳು ಬರುವ ತನಕ ಕಾದ. "ನನ್ನ ಹತ್ರ ಮಾತ್ರ ದೊಡ್ಡ ಸಭ್ಯಸ್ಥ!" ಎಂದು ಗದರಿದಳು. ತಂಗಿಗೆ ನಾಯಿ ಸಾಕುವುದೇ ಗೊತ್ತಿಲ್ಲವೆಂಬುದಕ್ಕೆ ಇನ್ನೇನು ಬೇಕು? ನಾಳೆ ಫೋನು ಮಾಡಿ ಚೆನ್ನಾಗಿ ಉಗಿಯಬೇಕು.

ಬೆಳಿಗ್ಗೆ ಫೋನು ಆ ಕಡೆಯಿಂದಲೇ ಬಂತು. ತಂಗಿಯ ಗಂಡ. ದನಿ ಗದ್ಗದವಾಗಿತ್ತು.

"ಅಕ್ಕಾ, ಗಾಬರಿಯಾಗ್ಬೇಡಿ. ಆಸ್ಪತ್ರೆಯಲ್ಲಿದ್ದೀವಿ. ಮೆಟ್ಟಿಲಿಂದ ಉರುಳಿಬಿಟ್ಟಳು. ಪಕ್ಕೆಲುಬು ಮುರಿದಿದೆ ಅಂತಾರೆ. ಇನ್ನೂ ಮಾತಾಡ್ತಿಲ್ಲ."

"ಅಯ್ಯೋ, ಹೇಗೆ ಬಿದ್ದಳು?"

"ಇನ್ನು ಹೇಗೆ? ಅದೇ ದರಿದ್ರ ನಾಯಿ. ಈಗ ಬೆಳಿಗ್ಗೆ, ನನ್ನ ಕಣ್ಣೆದುರಿಗೇ, ಅವಳ ಕಾಲಿಗೆ ಅಡ್ಡ ನುಗ್ಗಿತು."

ಅಕ್ಕ ತನ್ನ ಕಾಲ ಬಳಿ ನೋಡಿದಳು. ಆಮೇಲೆ ಕೇಳಿದಳು, ತನ್ನದೇ ದನಿ ಬೇರೆ ಯಾರದೋ ಎನ್ನುವ ಹಾಗೆ.

"ಈಗ ಎಲ್ಲಿದೆ ಅದು?"

"ಹಿಂದಿನ ಕೋಣೆಗೆ ನೂಕಿ ಚಿಲಕ ಹಾಕಿ ಬಂದಿದ್ದೀನಿ. ನೀವು ಬೇಗ ಬನ್ನಿ ಅಕ್ಕಾ."

"ಬಂದೆ," ಎಂದಳು ಅಕ್ಕ. ತನ್ನ ಪಾದದ ಮೇಲೆ ಗಲ್ಲವೂರಿ ಮಲಗಿದ್ದ ಪಟಾಕಿಯನ್ನು ಎತ್ತಿ ಎದೆಗವುಚಿಕೊಂಡು, ಪೊಲೀಸರ ನಂಬರು ಒತ್ತುತ್ತಲೇ ಮೆಟ್ಟಿಲಿಳಿದಳು.