ಅಕ್ಕನ ಮುಖದ ಅಳತೆ

ಸತ್ತವರ ಮುಖ ಮನೆಯ ಚಿಕ್ಕವರಲ್ಲಿ ಮೂಡುವ ಊರದು. ಹಾಗಾಗಿ ಹಲ್ಲಿಗೆ ಕ್ಲಿಪ್ ಹಾಕುವ ಡಾಕ್ಟರ್ ನಸೀಮಾ, ಬಾಯಿ ತೆರೆಸುವ ಮೊದಲು ಮುಖವನ್ನೇ ಅಳೆಯುತ್ತಿದ್ದರು. ಅಂದು ಕುರ್ಚಿಯಲ್ಲಿದ್ದ ಹುಡುಗಿ ಇಂಚರಳ ಹುಬ್ಬಿನಿಂದ ಮೂಗಿನ ಬುಡಕ್ಕೆ, ಅಲ್ಲಿಂದ ಗದ್ದಕ್ಕೆ ಪಟ್ಟಿ ಹಿಡಿದು ನೋಡಿದರು.

"ಉದ್ದ ಮುಖ. ಹೋದ ವರ್ಷ ದುಂಡಗಿತ್ತಲ್ಲ? ಯಾರ ಮುಖ ಬಂದಿರೋದು?"

"ಇವಳ ಅಕ್ಕ ಸೌಗಂಧಿ, ಡಾಕ್ಟ್ರೇ. ಚಳಿಗಾಲದಲ್ಲಿ ಜ್ವರ ಬಂದು ಹೋದ್ಲು," ಎಂದರು ತಾಯಿ ವಿಮಲಾಕ್ಷಿ.

ಇಂಚರ ಕಚ್ಚಿದರೆ ಚಪಾತಿ ತುಂಡಾಗುತ್ತಿರಲಿಲ್ಲ. ಅಕ್ಕನ ದವಡೆ ಬಂದ ಮೇಲೆ ಅವಳ ಮುಂದಿನ ಹಲ್ಲುಗಳು ಒಂದನ್ನೊಂದು ಮುಟ್ಟುವುದನ್ನೇ ಬಿಟ್ಟಿದ್ದವು.

"ಕ್ಲಿಪ್ ಹಾಕಿದ್ರೆ ಇವಳ ದುಂಡು ಮುಖ ವಾಪಸ್ ಬರುತ್ತೆ. ಆದ್ರೆ ದೊಡ್ಡವಳು ಹೋಗ್ತಾಳೆ ವಿಮಲಮ್ಮ. ಮತ್ತೆ ಬರೋದಿಲ್ಲ."

ವಿಮಲಾಕ್ಷಿ ಮಗಳ ಗದ್ದವನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ತಲೆ ಬಾಚುವಾಗ ಸೌಗಂಧಿ ಅಂತಲೇ ಕರೀತೀನಿ. ಇವಳೂ ಓ ಅಂತಾಳೆ, ಪಾಪ." ಆಮೇಲೆ ಕೈ ತೆಗೆದರು. "ಹಾಕಿ ಡಾಕ್ಟ್ರೇ. ಇರೋಳು ಊಟ ಮಾಡ್ಬೇಕಲ್ಲ."

ಡಾಕ್ಟರ್ ತಂತಿ ಎತ್ತಿಕೊಂಡಾಗ ಇಂಚರ ಬಾಯಿ ಮುಚ್ಚಿಕೊಂಡಳು.

"ಯಾಕೆ ಪುಟ್ಟಿ, ನೋವಾಗುತ್ತೆ ಅಂತಾನಾ?"

"ಅದಕ್ಕಲ್ಲ ಆಂಟಿ. ಅಪ್ಪ ಹಡಗಿನ ಕೆಲಸದಿಂದ ಭಾನುವಾರ ಬರ್ತಾರೆ. ಅಕ್ಕನ ಮಣ್ಣಿಗೂ ಬರೋಕಾಗಿರ್ಲಿಲ್ಲ ಅವರಿಗೆ. ಒಂದ್ಸಲ ಮುಖ ನೋಡ್ಕೊಳ್ಳಲಿ. ಸೋಮವಾರ ಹಾಕಿ."