ಕೆಳಗಿನ ಚುಕ್ಕಿ

“ಮುಟ್ಬೇಡ ಅಂದೆನಲ್ಲ!” ವಿದ್ಯಾ ತಮ್ಮನ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡಳು.

ಊಟಿ ಸೀಮೆಯ ಬೆಟ್ಟದ ಮೇಲಿನ ಹಟ್ಟಿ ಕೂಕಲ್ತೊರೈ. ಅಪ್ಪನ ಮನೆಯ ಪುಟ್ಟ ಅಂಗಳದ ತುಂಬ ಬಿಳಿ ಹೊಗೆ. ಹೊಗೆಯ ನಡುವೆ ಒಂದೂವರೆ ಮೊಳದ ರಿಮೋಟ್ ಕಾರು. ಆರನೆಯ ಸಲ ಹಗ್ಗ ಎಳೆದಾಗ ಸ್ಟಾರ್ಟ್ ಆದ ಇಂಜಿನ್ನು ನಾಲ್ಕು ಸಲ ಕೆಮ್ಮಿ ನಿಂತುಹೋಗಿತ್ತು. ಯಾರೋ ಟೂರಿಸ್ಟು ಕೆಟ್ಟಿತೆಂದು ಕಾಟೇಜಿನ ಹಿಂದೆ ಬಿಸಾಡಿ ಹೋದ ಕಾರು ಅದು. ಮೂವತ್ತು ವರ್ಷ ಎಸ್ಟೇಟಿನ ಜೀಪು ಓಡಿಸಿ, ಅದರ ರಿಪೇರಿಯನ್ನೂ ತಾನೇ ಮಾಡಿಕೊಂಡಿದ್ದ ಅವರಪ್ಪ ಡ್ರೈವರ್ ಜೋಗಿಗೆ, ಪೆಟ್ರೋಲ್ ಕುಡಿಯುವ ಯಾವ ವಸ್ತುವೂ ಆಟಿಕೆಯಲ್ಲ. ಎಂಟು ತಿಂಗಳು ಅದರ ಮುಂದೆ ಕೂತು ಬಿಚ್ಚಿದ, ಕಟ್ಟಿದ, ಉಜ್ಜಿದ. ಅಪ್ಪ ತೀರಿಕೊಂಡು ಇಂದಿಗೆ ಇಪ್ಪತ್ತೈದು ದಿನ.

“ಅಕ್ಕ, ಸುಮ್ನೆ ಹಟ ಮಾಡ್ಬೇಡ,” ಎಂದ ಯೋಗೇಶ. “ಕಾರ್ಬುರೇಟರ್ ಟ್ಯೂನಿಂಗು ಅಂದ್ರೆ ಕಿವಿ ಕೆಲಸ. ಅಪ್ಪನಿಗೆ ಕೊನೆಕೊನೆಗೆ ಕಿವಿ ಎಲ್ಲಿತ್ತು? ಟೀವಿ ಹಾಕಿದ್ರೆ ಹಟ್ಟಿಗೆಲ್ಲ ಕೇಳ್ತಿತ್ತು. ಸ್ಕ್ರೂ ಜಾಸ್ತಿ ತೆರೆದಿಟ್ಟಿದೆ, ಪೆಟ್ರೋಲು ನುಗ್ತಾ ಇದೆ. ಕಾಲು ಸುತ್ತು ಒಳಕ್ಕೆ ಕೊಟ್ರೆ ಸೆರಿ ಹೋಯ್ತದೆ.”

ಊಟಿಯಲ್ಲಿ ನೌಕರಿಯಲ್ಲಿರುವ ಯೋಗೇಶನ ಸ್ವಂತ ಕಾರಿಗೆ ಕಾರ್ಬುರೇಟರೇ ಇಲ್ಲ. ಆದರೂ ಅದರ ಬಗ್ಗೆ ಅವನಿಗೆ ತಿಳಿಯದ್ದು ಯಾವುದೂ ಇಲ್ಲ.

“ಅಪ್ಪ ಕೊನೆಗೆ ತಿರುಗಿಸಿದ ಸ್ಕ್ರೂ ಕಣೋ ಅದು.”

“ಹಾಂಗಂತ ಓಡದ ಕಾರು ಇಟ್ಕೊಂಡು ಪೂಜೆ ಮಾಡ್ತೀಯಾ?”

ವಿದ್ಯಾ ಸ್ಕ್ರೂವನ್ನೇ ನೋಡಿದಳು. ಅಪ್ಪನ ಅಂಗಿಗಳನ್ನು ಯಾರ್ಯಾರಿಗೋ ಕೊಟ್ಟಾಗಿತ್ತು. ಜೀಪಂತೂ ಎಂದೋ ಗುಜರಿ ಸೇರಿತ್ತು. ಅಪ್ಪನ ಕೈ ಬಿಟ್ಟಲ್ಲೇ ನಿಂತಿದ್ದುದು ಈ ಹಿತ್ತಾಳೆ ಸ್ಕ್ರೂ ಒಂದೇ, ಅದನ್ನೂ ತಪ್ಪು ಎನ್ನುತ್ತಿದ್ದಾನೆ ತಮ್ಮ. ತಿರುಗಿಸಿದರೆ ಅಪ್ಪನ ಕೊನೆಯ ಗುರುತು ಅಳಿಯುತ್ತದೆ. ತಿರುಗಿಸದಿದ್ದರೆ ಕೊನೆಗಾಲದಲ್ಲಿ ಅಪ್ಪನ ಕೈ ತಪ್ಪಿತ್ತು ಎಂಬ ಮಾತೇ ಉಳಿಯುತ್ತದೆ. ಯಾವುದೂ ಅವಳಿಂದ ಆಗದು. ದುಃಖ ತಡೆಯಲಾರದೆ, ಸುಮ್ಮನೆ ಕೈಗೊಂದು ಕೆಲಸವಿರಲೆಂದು, ಸೆರಗಿನ ತುದಿಯಿಂದ ಸ್ಕ್ರೂ ಸುತ್ತಲಿನ ಎಣ್ಣೆ ಮಸಿ ಒರೆಸತೊಡಗಿದಳು.

ಮಸಿಯಡಿಯಿಂದ ಸಾಸಿವೆ ಗಾತ್ರದ ಬಿಳಿ ಪೇಂಟಿನ ಚುಕ್ಕಿ ಎದ್ದುಬಂತು. ಇನ್ನೂ ಒರೆಸಿದಳು. ಕೆಳಗೆ ಇನ್ನೊಂದು ಚುಕ್ಕಿ.

ಅವಳು ಕೂತಲ್ಲೇ ಎಂಟು ವರ್ಷದ ಹುಡುಗಿಯಾದಳು. ಊಟಿಯಿಂದ ಇಳಿಯುವ ಜೀಪು ಕಲ್ಲಟ್ಟಿ ಘಾಟಿಯ ತಲೆಯಲ್ಲಿ ನಿಲ್ಲುತ್ತಿತ್ತು. ಅಪ್ಪ ಬಾನೆಟ್ ಎತ್ತಿ ಅವಳನ್ನು ಬಂಪರ್ ಮೇಲೆ ನಿಲ್ಲಿಸಿಕೊಳ್ಳುತ್ತಿದ್ದ. ಕಾರ್ಬುರೇಟರಿನ ಮೇಲೆ ಇಂಥವೇ ಎರಡು ಬಿಳಿ ಚುಕ್ಕಿ. “ಮೇಲೆ ಗಾಳಿ ತೆಳು, ನನ್ನ ಕಣ್ಣು, ಪೆಟ್ರೋಲು ಕಮ್ಮಿ ಸಾಕು. ಕೆಳಗೆ ಗಾಳಿ ದಪ್ಪ, ಜಾಸ್ತಿ ಕೇಳ್ತದೆ. ಎಲ್ಲಿ, ಕೆಳಗಿನ ಚುಕ್ಕಿಗೆ ತಿರುಗಿಸು.” ಪುಟ್ಟ ಕೈಯಲ್ಲಿ ಸ್ಕ್ರೂಡ್ರೈವರ್ ಕೊಟ್ಟು, ಮೇಲೆ ತನ್ನ ಕೈ ಇಡುತ್ತಿದ್ದ. ವಾಪಸು ಹತ್ತಿದಾಗ ಅಲ್ಲೇ ನಿಂತು ಮೇಲಿನ ಚುಕ್ಕಿಗೆ. ಬೇರೆ ಡ್ರೈವರುಗಳು ಟೀ ಕುಡಿಯುತ್ತ ನಗುತ್ತಿದ್ದರು. ಅವಳಿಗೋ, ತಾನು ತಿರುಗಿಸದಿದ್ದರೆ ಜೀಪು ಘಾಟಿಯ ಬುಡದ ಮಸಿನಗುಡಿ ಮುಟ್ಟುವುದೇ ಇಲ್ಲವೆಂಬ ಜಂಬ.

ವಿದ್ಯಾ ಬಗ್ಗಿ ನೋಡಿದಳು. ಸ್ಕ್ರೂವಿನ ಸೀಳು ಕೆಳಗಿನ ಚುಕ್ಕಿಗೆ ಕೂದಲೆಳೆಯೂ ತಪ್ಪದೆ ನಿಂತಿತ್ತು.

“ಯೋಗಿ, ನಿನ್ನ ಕಾರು ತೆಗಿ. ಮಸಿನಗುಡಿಗೆ ಹೋಗೋಣ.”

“ಈಗ? ಯಾಕೆ?”

“ನಡಿ, ಹೇಳ್ತೇನೆ.”

ದಾರಿಯುದ್ದಕ್ಕೂ ಆಟಿಕೆ ಕಾರನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಸೀರೆಗೆ ಎಣ್ಣೆ ಹತ್ತಿದರೂ ಲೆಕ್ಕಿಸಲಿಲ್ಲ. ಕಲ್ಲಟ್ಟಿಯಲ್ಲಿ ಮಾತ್ರ, “ಒಂದ್ನಿಮಿಷ ನಿಲ್ಲಿಸು,” ಎಂದಳು. ಇಳಿದು ಮಾಡುವಂಥದ್ದು ಏನೂ ಇರಲಿಲ್ಲ. ಸುಮ್ಮನೆ ಒಂದು ನಿಮಿಷ ನಿಂತು ಮುಂದೆ ಹೊರಟರು. ತಿರುವು ಇಳಿಯುತ್ತ ಇಳಿಯುತ್ತ ಕಿವಿ ಗವ್ ಎಂದು ಕಟ್ಟಿ ಬಿಟ್ಟಿತು.

ಮಸಿನಗುಡಿಯಲ್ಲಿ ಅವಳು ಪಾಠ ಮಾಡುವ ಶಾಲೆಯ ಮೈದಾನ ರಜೆಯ ದಿನವಾದ್ದರಿಂದ ಖಾಲಿಯಿತ್ತು. ಯೋಗೇಶ ನಂಬಿಕೆಯಿಲ್ಲದೆ ಹಗ್ಗ ಎಳೆದ. ಎರಡನೆಯ ಎಳೆತಕ್ಕೇ ಇಂಜಿನ್ನು ಸ್ಟಾರ್ಟ್ ಆಯಿತು. ಕೆಮ್ಮಿಲ್ಲ, ಹೊಗೆಯಿಲ್ಲ. ರಿಮೋಟಿನ ಗುಂಡಿ ಒತ್ತಿದ್ದೇ ತಡ, ಕಾರು ಧೂಳೆಬ್ಬಿಸಿಕೊಂಡು ಮೈದಾನದ ತುದಿ ಮುಟ್ಟಿ ತಿರುಗಿತು. ಯೋಗೇಶ ಅಲುಗದೆ ಆ ಸದ್ದನ್ನೇ ಕೇಳುತ್ತ ನಿಂತ.

“ಇಲ್ಲಿಗೆ ಅಂತಲೇ ಟ್ಯೂನ್ ಮಾಡಿಟ್ಟಿತ್ತಾ ಅಪ್ಪ?” ಎಂದ. “ಕಿವಿ ಹೋಯ್ತು ಅಂತ ಎಷ್ಟು ಆಡಿಕೊಂಡೆ ನಾನು...”

ವಿದ್ಯಾಳ ಕಣ್ಣು ಓಡುವ ಕಾರಿನ ಮೇಲೇ ಇತ್ತು. ಪ್ರತಿ ಭಾನುವಾರ ಫೋನಿನಲ್ಲಿ ಅಪ್ಪ ಅವಳಿಗೆ ಕೂಗಿ ಕೂಗಿ ಹೇಳುತ್ತಿದ್ದ: “ನಮ್ಮ ಹಟ್ಟಿಯಲ್ಲಿ ಎಲ್ಲಿ ನೋಡಿದ್ರೂ ಇಳಿಜಾರು, ಟೀ ಗಿಡ. ನಿನ್ನ ಸ್ಕೂಲು ಮೈದಾನಕ್ಕೆ ಕಾರು ತಕ್ಕೊಂಡು ಬರಲಾ?” ಪ್ರತಿ ಸಲವೂ ಅವಳದು ಒಂದೇ ಉತ್ತರ. “ಪರೀಕ್ಷೆ ಮುಗೀಲಿ ಅಪ್ಪ.”

ಪೆಟ್ರೋಲು ಮುಗಿದು ಕಾರು ನಿಂತಿತು. ಯೋಗೇಶ ಅದನ್ನೆತ್ತಿ ಧೂಳು ಒರೆಸಿದ.

“ಅಕ್ಕ, ವಾಪಸು ಹಟ್ಟಿಗೆ ತಕ್ಕೊಂಡೋದ್ರೆ ಸ್ಕ್ರೂ ತಿರುಗಿಸಲೇಬೇಕಲ್ಲ?”

“ವಾಪಸು ಯಾಕೆ ಹೋಗ್ಬೇಕು?” ವಿದ್ಯಾ ಕಾರನ್ನು ಇಸಿದುಕೊಂಡು ಎದೆಗೊತ್ತಿಕೊಂಡಳು. ಇಂಜಿನ್ನು ಇನ್ನೂ ಬಿಸಿಯಾಗಿತ್ತು. “ಅಪ್ಪ ಹೊರಟು ನಿಂತಿತ್ತು ಕಣೋ. ನಾನೇ ಬಾ ಅನ್ನಲಿಲ್ಲ.”