ಮುಡಿದ ಮಲ್ಲಿಗೆ

“ತಾಳು ಮಗಾ,” ಎಂದು ವಿನೋದಕ್ಕ ಮಾರಲು ಇಟ್ಟಿದ್ದ ಮಲ್ಲಿಗೆಯಿಂದ ಒಂದು ತುಂಡು ತೆಗೆದು ತುರುಬಿಗೆ ಸಿಕ್ಕಿಸಿಕೊಂಡಾಗಲೇ ಚೈತಾಲಿ ಹೇಳಬೇಕಿತ್ತು, ಕ್ಯಾಮರಾದಲ್ಲಿ ಫಿಲ್ಮ್ ರೋಲೇ ಇಲ್ಲ ಎಂದು. ಆಟಿಕೆಯಂಥ ಆ ಪ್ಲಾಸ್ಟಿಕ್ ಕ್ಯಾಮರಾ ಅವಳ ಮಣಿಪಾಲದ ಹಾಸ್ಟೆಲಿಗೆ ಬಂದದ್ದು ನಿನ್ನೆ. ಕೈ ಪಳಗಲೆಂದು ಕಾಪು ಪೇಟೆಯಲ್ಲಿ ಕಂಡದ್ದಕ್ಕೆಲ್ಲ ಅದನ್ನು ಖಾಲಿಯೇ ಹಿಡಿಯುತ್ತಿದ್ದಳು.

“ಮೊಬೈಲಾದರೆ ನಾನು ನಿಲ್ಲುತ್ತಿರಲಿಲ್ಲ. ಊರಿಗೆಲ್ಲ ಹೋಗ್ತದೆ. ಇದು ಹಾಗಲ್ಲ ಅಲ್ವಾ?” ವಿನೋದಕ್ಕ ದನಿ ತಗ್ಗಿಸಿದರು. “ಯಜಮಾನರು ತೀರಿಹೋಗಿ ಹನ್ನೊಂದು ವರ್ಷ ಆಯ್ತು. ದಿನಾ ಹೂ ಕಟ್ತೇನೆ. ಮುಡಿದದ್ದು ಇವತ್ತೇ.”

ಪಕ್ಕದ ತರಕಾರಿಯವಳು ತಿರುಗಿ ನೋಡಿದಳು. ವಿನೋದಕ್ಕ ಅವಳತ್ತ ನೋಡದೆ ಕ್ಯಾಮರಾದ ಕಡೆ ನಕ್ಕರು. ಚೈತಾಲಿ ಗುಂಡಿ ಒತ್ತಿದಳು. ಟಿಕ್ ಎಂದಿತು. ಮರುಗಳಿಗೆಯೇ ಹೂ ತುರುಬಿನಿಂದ ಇಳಿದು ಸೆರಗಿನೊಳಗೆ ಸೇರಿತು.

“ಬಂತಾ?”

“ಬಂತು ಅಕ್ಕ.”

“ಸಾಕು ಮಾರಾಯ್ತಿ. ಇನ್ನೊಮ್ಮೆ ಮುಡಿಯುವ ಧೈರ್ಯ ನನಗಿಲ್ಲ.” ವಿನೋದಕ್ಕ ಬುಟ್ಟಿಯಿಂದ ಉಂಡೆ ಸುತ್ತಿಟ್ಟ ಒಂದು ಚೆಂಡು ಮಲ್ಲಿಗೆ ಎತ್ತಿ ಅವಳ ಕಡೆ ಚಾಚಿದರು. “ಹಣ ಬೇಡ, ನೀನು ಮುಡಿ.”

ಚೈತಾಲಿಯ ಕೈ ಮುಂದೆ ಬರಲಿಲ್ಲ.

ವಿನೋದಕ್ಕನ ನಗು ಸಣ್ಣಗಾಯಿತು. “ಹೆದರಬೇಡ ಮಗಾ, ಇದು ಬೇರೆ ಹೂ. ನಾನು ಮುಡಿದದ್ದಲ್ಲ.”